ಮೂರನೇ ಕೋಣೆಯ ಒಪ್ಪಂದ

ನಮ್ಮ ಊರಿನಲ್ಲಿ ಕೊಡುವ ಕೊಳ್ಳುವ ವ್ಯವಹಾರದಲ್ಲಿ ಹೆಚ್ಚು ಸಿಕ್ಕವರಿಗೆ ಬಿಕ್ಕಳಿಕೆ ಬರುತ್ತದೆ. ಕೊಟ್ಟದ್ದಕ್ಕಿಂತ ತೆಗೆದುಕೊಂಡದ್ದು ಒಂದು ಚೂರು ಜಾಸ್ತಿಯಾದರೂ ಸಾಕು, ಗಂಟಲು ಎಳೆಯುತ್ತದೆ. ನೀರು ಕುಡಿದರೂ, ಉಸಿರು ಕಟ್ಟಿದರೂ, ಬಾಯಿಗೆ ಸಕ್ಕರೆ ಹಾಕಿಕೊಂಡರೂ ನಿಲ್ಲುವುದಿಲ್ಲ. ಹೆಚ್ಚಾದದ್ದನ್ನು ಅವರಿಗೇ ತಿರುಗಿ ಕೊಟ್ಟರೆ ನಿಲ್ಲುತ್ತದೆ. ಇಲ್ಲದಿದ್ದರೆ ಮರುದಿನ ಬೆಳಗಿನ ತನಕ ಜೊತೆಯಲ್ಲೇ ಇರುತ್ತದೆ. ಹಬ್ಬದ ದಿನ ಪಕ್ಕದ ಮನೆಗೆ ಕಳಿಸಿದ ಕಡುಬಿಗೆ, ಮಗುವಿಗೆ ಕೊಟ್ಟ ಬೆಲ್ಲಕ್ಕೆ ಬರುವುದಿಲ್ಲ. ಇದಕ್ಕೆ ಇದು ಎಂದು ಮಾತಾಡಿಕೊಂಡಾಗ ಮಾತ್ರ ಬರುತ್ತದೆ.

ನಮ್ಮವರಿಗೆ ಇದು ಅಭ್ಯಾಸವಾಗಿಹೋಗಿದೆ. ಸೊಪ್ಪು ಮಾರುವ ಚಂದ್ರಮ್ಮ ದಂಟಿನ ಕಟ್ಟು ಕೊಟ್ಟು ಒಂದು ಸಲ ಬಿಕ್ಕಳಿಸಿ, ಮೇಲೆ ನಾಲ್ಕು ಎಸಳು ಕೊತ್ತಂಬರಿ ಕೊಸರು ಹಾಕುತ್ತಾಳೆ. ಮತ್ತೆ ಬಿಕ್ಕಳಿಕೆ ಬಂದರೆ ಒಂದು ಹಸಿಮೆಣಸಿನಕಾಯಿ. ಕೊಂಡವರು ಅಷ್ಟು ಹೊತ್ತು ಬೇರೆ ಕಡೆ ನೋಡುತ್ತಾ ನಿಂತಿರುತ್ತಾರೆ. ಬಿಕ್ಕಳಿಸುವವರ ಮುಖ ನೋಡಬಾರದು ಎನ್ನುವುದು ನಮ್ಮಲ್ಲಿ ಮರ್ಯಾದೆ. ಮದುವೆ ಮಾತುಕತೆ ಮುಗಿದ ಮೇಲೆ ಎರಡೂ ಕಡೆಯವರು ಕಾಲು ಗಂಟೆ ಬಾಯಿಗೆ ಏನೂ ಹಾಕದೆ ಕೂರುತ್ತಾರೆ. ಯಾರ ಗಂಟಲಿನಿಂದಲೂ ಸದ್ದು ಬರಲಿಲ್ಲವೆಂದರೆ ತಟ್ಟೆ ಬದಲಾಯಿಸುತ್ತಾರೆ.

ಇಂಥ ಊರಿನಲ್ಲಿ, ಕೆರೆ ಏರಿಯ ಆಚೆ, ಎಂ.ಬಿ.ಎ. ಕಾಲೇಜು ಇದೆ. ಇಲ್ಲೇ ಏಕೆ ಕಟ್ಟಿದರೆಂದು ಊರಿನವರು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪ್ರತಿ ಜುಲೈನಲ್ಲಿ ಡಿಗ್ರಿ ಮುಗಿಸಿದವರು, ಒಂದೆರಡು ವರ್ಷ ಎಲ್ಲೋ ಕೆಲಸ ಮಾಡಿದವರು, ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಬಸ್ಸು ಇಳಿಯುತ್ತಾರೆ. ಹೊಸಬರಿಗೆ ಊರಿನ ಬಿಕ್ಕಳಿಕೆ ಹತ್ತಲು ಹದಿನೈದು ದಿನ ಬೇಕು. ಅಲ್ಲಿಯವರೆಗೆ ಅವರು ಆಟೋದವರ ಹತ್ತಿರ, ಹಣ್ಣಿನವರ ಹತ್ತಿರ ಖುಷಿಯಾಗಿ ಚೌಕಾಸಿ ಮಾಡಿ ಗೆಲ್ಲುತ್ತಾರೆ. ನಮ್ಮವರು ಬಿಟ್ಟುಕೊಡುತ್ತಾರೆ. ಹದಿನಾರನೇ ದಿನ ಹೇಗಿದ್ದರೂ ಬರುತ್ತದಲ್ಲ ಎಂದು ಅವರಿಗೆ ಗೊತ್ತು.

ನಾನು ಹೇಳುವ ವರ್ಷ ಮೊದಲು ಬಿಕ್ಕಳಿಸಿದವನು ಲೋಹಿತ್ ಎನ್ನುವ ಹುಡುಗ. ಹದಿನಾರನೇ ದಿನ ಬಾಷಾ ಸಾಬರ ಅಂಗಡಿಯಲ್ಲಿ ಒಂದು ಹಳೆಯ ಸೈಕಲ್ಲಿಗೆ ಹನ್ನೊಂದು ಕುಂದು ಹುಡುಕಿ, ಅರ್ಧ ಬೆಲೆಗೆ ಇಳಿಸಿ, ಅದರ ಮೇಲೇ ಕೂತು ಕಾಲೇಜಿಗೆ ಬಂದ. ಪ್ರಿನ್ಸಿಪಾಲರ ಭಾಷಣದ ನಡುವೆ ಶುರುವಾಯಿತು. ಊರಿನಲ್ಲಿ ಅಮ್ಮ ತನ್ನನ್ನು ನೆನೆಸಿಕೊಳ್ಳುತ್ತಿದ್ದಾಳೆ ಎಂದುಕೊಂಡು ಹೊರಗೆ ಹೋಗಿ ಫೋನು ಮಾಡಿ, ಸಾಕು ನೆನೆಸಿಕೊಂಡಿದ್ದು, ಕ್ಲಾಸಿನಲ್ಲಿದ್ದೇನೆ ಎಂದನಂತೆ. ನಾನು ಹಪ್ಪಳ ಕರೀತಿದೀನಿ, ನಿನ್ನ ಯಾರು ನೆನೆಸ್ಕೊಂಡ್ರು ಎಂದು ಅವರಮ್ಮ ಬೈದರಂತೆ. ಸಂಜೆಯ ಹೊತ್ತಿಗೆ ಸೀನಿಯರ್‌ಗಳು ಅವನನ್ನು ಸಾಬರ ಅಂಗಡಿಗೆ ವಾಪಸು ಕರೆದುಕೊಂಡು ಹೋದರು.

ಆಮೇಲೆ ಒಬ್ಬೊಬ್ಬರು ಒಂದೊಂದು ರೀತಿ ಹೊಂದಿಕೊಳ್ಳುತ್ತಾರೆ. ಕೆಲವರು ಏನನ್ನೂ ಕೊಳ್ಳುವುದಿಲ್ಲ, ಯಾರ ಹತ್ತಿರವೂ ನೋಟ್ಸು ಬದಲಾಯಿಸಿಕೊಳ್ಳುವುದಿಲ್ಲ, ಮೆಸ್ಸಿನ ಊಟ ಮಾಡಿ ರೂಮು ಸೇರುತ್ತಾರೆ. ಕೆಲವರು ಜೇಬಿನಲ್ಲಿ ಚಾಕೊಲೇಟು ಇಟ್ಟುಕೊಂಡು ಬಿಕ್ಕಳಿಕೆ ಬಂದ ಕೂಡಲೇ ಎದುರಿನವರಿಗೆ ಒಂದು ಕೊಟ್ಟುಬಿಡುತ್ತಾರೆ. ಇನ್ನು ಕೆಲವರು ಬಿಕ್ಕಳಿಕೆಯನ್ನೇ ಸಹಿಸಿಕೊಳ್ಳುವುದನ್ನು ಕಲಿಯುತ್ತಾರೆ. ಎರಡು ಬಿಕ್ಕಳಿಕೆಯ ನಡುವೆ ಒಂದು ವಾಕ್ಯ ಮುಗಿಸಲು ಬಂದವರು ಪ್ರೆಸೆಂಟೇಷನ್ನಿನಲ್ಲಿ ಒಳ್ಳೆಯ ಅಂಕ ತೆಗೆಯುತ್ತಾರೆ, ಏಕೆಂದರೆ ಅವರ ವಾಕ್ಯಗಳು ಚಿಕ್ಕವು.

ಇದೆಲ್ಲ ನನಗೆ ಗೊತ್ತಿರುವುದು ನೋಡಿ ನೋಡಿ. ನನ್ನ ಹೆಸರು ದೇವೀರಿ. ಏಳನೇ ತರಗತಿಗೆ ಶಾಲೆ ಬಿಟ್ಟೆ. ಎದ್ದು ನಿಂತು ಉತ್ತರ ಹೇಳು ಎಂದರೆ ನನಗೆ ಉತ್ತರ ಗೊತ್ತಿದ್ದರೂ ಬಾಯಿಗೆ ಬರುತ್ತಿರಲಿಲ್ಲ. ಒಂದು ದಿನ ಇಡೀ ಪಾಠದ ಹೊತ್ತು ನಿಂತೇ ಇದ್ದೆ, ಮರುದಿನ ಹೋಗಲಿಲ್ಲ. ಯಾರೂ ಬಲವಂತ ಮಾಡಲಿಲ್ಲ. ಅಪ್ಪ ಅಮ್ಮ ಇಲ್ಲದ ನನ್ನನ್ನು ಚಿಕ್ಕಮ್ಮ ಸಾಕಿದಳು. ಅವಳು ಕಾಲೇಜಿನ ಮೆಸ್ಸಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು, ನಾನು ಬುಟ್ಟಿ ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತಿದ್ದೆ.

ಕಾಲೇಜಿನ ಹಾಲಪ್ಪ ಮೇಷ್ಟ್ರು ಒಂದು ಸಲ ರೊಟ್ಟಿಯ ಲೆಕ್ಕ ಮಾತಾಡಲು ಮನೆಗೆ ಬಂದರು. ಚಿಕ್ಕಮ್ಮನಿಗೆ ಅಂದು ಗಂಟಲು ಕಟ್ಟಿತ್ತು, ನನ್ನನ್ನೇ ಎದುರು ಕೂರಿಸಿದಳು. ದಿನಕ್ಕೆ ನೂರು ರೊಟ್ಟಿ ಬೇಕು ಎಂದರು. ನಾನು ನೆಲ ನೋಡುತ್ತಾ ಕೂತೆ. ಕಷ್ಟವಾದರೆ ತೊಂಬತ್ತು ಎಂದರು. ನಾನು ಸುಮ್ಮನಿದ್ದೆ. ಜೋಳ ನಾವೇ ಕೊಡ್ತೀವಿ ಎಂದರು. ಸೌದೆಯನ್ನೂ ಕೊಡ್ತೀವಿ ಎಂದರು. ಅಷ್ಟು ಹೊತ್ತಿಗೆ ಒಳಗಿನಿಂದ ಚಿಕ್ಕಮ್ಮನ ಬಿಕ್ಕಳಿಕೆ ಕೇಳಿಸಿತು. ಮೇಷ್ಟ್ರು ಜೋರಾಗಿ ನಕ್ಕು, ಸೌದೆ ವಾಪಸು ತೆಗೆದುಕೊಂಡು, ಈ ಹುಡುಗಿ ನಮ್ಮ ಕಾಲೇಜಿಗೆ ಬೇಕು ಎಂದರು.

ಹಾಗೆ ನಾನು ಎದುರು ಕೂರುವವಳಾದೆ. ಆ ಕಾಲೇಜಿನಲ್ಲಿ ಮೊದಲನೇ ವರ್ಷದವರಿಗೆ ಹಾಲಪ್ಪ ಮೇಷ್ಟ್ರು ಒಪ್ಪಂದ ಮಾಡುವುದನ್ನು ಕಲಿಸುತ್ತಾರೆ. ನೀನು ಸಿಮೆಂಟು ಕಂಪನಿ, ನೀನು ಲಾರಿ ಕಂಪನಿ ಎಂದು ಕಾಗದದ ಮೇಲೆ ಆಡಿಸಿದರೆ ಬಿಕ್ಕಳಿಕೆ ಬರುವುದಿಲ್ಲ. ಅದಕ್ಕೇ ಊರಿನ ನಾಲ್ಕು ಜನರನ್ನು ನೇಮಿಸಿಕೊಂಡು ನಾಲ್ಕು ಕೋಣೆಯಲ್ಲಿ ಕೂರಿಸಿದ್ದಾರೆ. ಮಾರ್ಚಿನಲ್ಲಿ ಪರೀಕ್ಷೆ. ನಾವು ಒಂದು ವಸ್ತು ತರಬೇಕು, ವಿದ್ಯಾರ್ಥಿ ಒಂದು ವಸ್ತು ತರಬೇಕು, ಎರಡೂ ಸ್ವಂತದ್ದಾಗಿರಬೇಕು. ಅರ್ಧ ಗಂಟೆಯಲ್ಲಿ ಮಾತು ಮುಗಿಸಿ ಇಬ್ಬರೂ ಮೇಜಿನ ಮೇಲೆ ಅಂಗೈ ಊರಿದರೆ ಒಪ್ಪಂದವಾದಂತೆ. ಆಮೇಲೆ ಕಾಲು ಗಂಟೆ ಕಾಯಬೇಕು. ಇಬ್ಬರಲ್ಲಿ ಯಾರಿಗೆ ಬಿಕ್ಕಳಿಕೆ ಬಂದರೂ ವಿದ್ಯಾರ್ಥಿ ಫೇಲು. ಅವರೇ ಎದುರು, ಅದೇ ಕೋಣೆಯಲ್ಲಿ, ಮೂರು ಸಲ ಅವಕಾಶ. ಮೂರೂ ಹೋದರೆ ಎರಡನೇ ವರ್ಷವಿಲ್ಲ, ಸೂಟ್‌ಕೇಸ್ ತುಂಬಿಕೊಳ್ಳಬೇಕು.

ಯಾರಿಗೆ ಯಾವ ಕೋಣೆ ಎಂದು ಚೀಟಿ ಎತ್ತುತ್ತಾರೆ. ಒಂದನೇ ಕೋಣೆಯ ಬಾಷಾ ಸಾಬರು ಬಂದವರ ಮನೆಮಂದಿಯನ್ನೆಲ್ಲ ವಿಚಾರಿಸಿ ಹರಟೆ ಹೊಡೆಯುತ್ತಾರೆ, ಅಲ್ಲಿ ಪಾಸಾಗುವುದು ಸುಲಭ. ಮೂರನೇ ಕೋಣೆಯ ಚೀಟಿ ಬಂದವರನ್ನು ಹಾಸ್ಟೆಲ್ಲಿನಲ್ಲಿ ಸಮಾಧಾನ ಮಾಡುತ್ತಾರೆ. ಆ ಕೋಣೆಯಲ್ಲಿ ಕೂರುವವಳು ನಾನು. ನಾನೇನೂ ಮಾಡುವುದಿಲ್ಲ. ನಾಚಿಕೆಗೆ ಮಾತು ಹೊರಡದೆ ಸುಮ್ಮನೆ ಕೂತಿರುತ್ತೇನೆ. ಅಷ್ಟೊಂದು ಓದಿದವರಿಗೆ ಅದನ್ನು ತಡೆದುಕೊಳ್ಳಲು ಆಗುವುದಿಲ್ಲ. ನಾನು ಒಪ್ಪುತ್ತಿಲ್ಲ ಎಂದುಕೊಂಡು ಇನ್ನೊಂದಿಷ್ಟು ಕೊಡುತ್ತಾರೆ, ಮತ್ತೊಂದಿಷ್ಟು ಕೊಡುತ್ತಾರೆ. ಕೊನೆಗೆ ಬಿಕ್ಕಳಿಕೆ ನನಗೇ ಬರುತ್ತದೆ. ನಮ್ಮ ಹುಡುಗಿ ಬಿಕ್ಕಳಿಸಿದ್ದು ಕೆರೆ ಏರಿಯವರೆಗೆ ಕೇಳಿಸಿತು, ಇನ್ನು ಇವಳನ್ನು ನೋಡಲು ಯಾರು ಬರುತ್ತಾರೆ ಎಂದು ಚಿಕ್ಕಮ್ಮ ಪಕ್ಕದ ಮನೆಯವರ ಮುಂದೆ ಹೇಳುತ್ತಿದ್ದಳು. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು.

ಆ ವರ್ಷ ಮೂರನೇ ಕೋಣೆಯ ಚೀಟಿ ಬಂದವರಲ್ಲಿ ಅಭಿಜ್ಞಾ ಒಬ್ಬಳು. ರೊಟ್ಟಿ ಕೊಡಲು ಹೋದಾಗ ಅವಳನ್ನು ದಿನಾ ನೋಡುತ್ತಿದ್ದೆ. ಕಾಲೇಜಿನಲ್ಲಿ ನಾಲ್ಕು ನಾಲ್ಕು ಜನರ ಗುಂಪು ಮಾಡಿ ಕೆಲಸ ಕೊಡುತ್ತಾರೆ, ನೀನಿಷ್ಟು ನಾನಿಷ್ಟು ಎಂದು ಮಾತಾಡಿಕೊಂಡು ಹಂಚಿಕೊಳ್ಳಬೇಕು. ಬೇರೆ ಗುಂಪುಗಳಲ್ಲಿ ಜಗಳವಾಗುತ್ತಿತ್ತು. ಅವಳ ಗುಂಪಿನಲ್ಲಿ ಜಗಳವೇ ಇರಲಿಲ್ಲ. ಅವಳು ಹಾಸ್ಟೆಲ್ ಜಗಲಿಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ನಾಲ್ವರ ಸ್ಲೈಡುಗಳನ್ನೂ ಮಾಡುತ್ತಿದ್ದಳು. ಉಳಿದ ಮೂವರು ಸುತ್ತ ಕೂತು ಬಿಕ್ಕಳಿಸುತ್ತಿದ್ದರು. ಅವಳೇ ಎದ್ದು ಹೋಗಿ ಅವರಿಗೆ ನೀರು ತಂದುಕೊಡುತ್ತಿದ್ದಳು. ಇಡೀ ವರ್ಷ ಅವಳಿಗೆ ಒಂದು ಸಲವೂ ಬಿಕ್ಕಳಿಕೆ ಬಂದಿರಲಿಲ್ಲ. ಅದು ಒಳ್ಳೆಯತನ ಎಂದು ಹುಡುಗಿಯರು ಹೇಳುತ್ತಿದ್ದರು. ನನಗೆ ಹಾಗೆ ಕಾಣುತ್ತಿರಲಿಲ್ಲ. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು.

ಓದಲು ಬರುವ ಮೊದಲು ಅವಳು ಮೂರು ವರ್ಷ ಒಂದು ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕಿಟಕಿಯ ಹಿಂದೆ ಕೂತಿದ್ದಳಂತೆ. ಫೇಲಾದರೆ ಮತ್ತೆ ಆ ಕಿಟಕಿಗೇ ಹೋಗಬೇಕು ಎಂದು ಮೆಸ್ಸಿನಲ್ಲಿ ಯಾರಿಗೋ ಹೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು. ಅಲ್ಲಿ ಎಲ್ಲರೂ ತನ್ನನ್ನು ನೋಡದೆ ತನ್ನ ಕೈ ಮಾತ್ರ ನೋಡುತ್ತಿದ್ದರು ಎಂದಿದ್ದಳು.

ಮೊದಲನೇ ಸಲ ಅವಳು ಒಂದು ಸ್ಟೀಲ್ ಫ್ಲಾಸ್ಕ್ ತಂದಳು. ನಾನು ಒಂದು ಸೀಸೆ ನಿಂಬೆ ಉಪ್ಪಿನಕಾಯಿ ಒಯ್ದಿದ್ದೆ. ಹಾಲಪ್ಪ ಮೇಷ್ಟ್ರು ಮೂಲೆಯ ಕುರ್ಚಿಯಲ್ಲಿ ಕೂತರು. ನಾನು ವಾಡಿಕೆಯಂತೆ ಮೇಜು ನೋಡುತ್ತಾ ಕೂತೆ. ಅವಳು ಫ್ಲಾಸ್ಕ್ ಮುಂದಿಟ್ಟು, ಇದಕ್ಕೆ ಎರಡು ಲೋಟವೂ ಇದೆ ಎಂದಳು. ನಂತರ ಅದನ್ನು ಇಡುವ ಚೀಲವೂ ಇದೆ, ನಾಳೆ ತಂದುಕೊಡುತ್ತೇನೆ ಎಂದಳು. ನಾನು ಒಂದು ಮಾತು ಆಡುವಷ್ಟರಲ್ಲಿ ತನ್ನ ಶಾಲನ್ನೂ ತೆಗೆದು ಮಡಿಚುತ್ತಿದ್ದಳು. ಅಂಗೈ ಊರಿದ ಕ್ಷಣವೇ ನನಗೆ ಬಿಕ್ಕಳಿಕೆ ಬಂತು. ಅವಳು ಗಾಬರಿಯಾಗಿ ಆ ಫ್ಲಾಸ್ಕಿನಿಂದಲೇ ನನಗೆ ನೀರು ಬಗ್ಗಿಸಿದಳು.

ಆ ದಿನ ಮನೆಗೆ ಹೋಗುವಾಗ ನನಗೆ ತುಂಬ ಬೇಜಾರಾಯಿತು. ಇಷ್ಟು ದಿನ ಬಂದವರು ತಮ್ಮ ಜಾಣತನ ತೋರಿಸಲು ಹೋಗಿ ಸೋಲುತ್ತಿದ್ದರು, ನನಗೇನೂ ಅನ್ನಿಸುತ್ತಿರಲಿಲ್ಲ. ಇವಳು ಹಾಗಲ್ಲ. ಎರಡನೇ ಸಲ ಇವಳನ್ನು ಪಾಸು ಮಾಡಲೇಬೇಕು ಎಂದುಕೊಂಡೆ. ಅವಳು ಎಷ್ಟು ಹೆಚ್ಚು ಕೊಟ್ಟರೂ ಸರಿತೂಗುವಂಥದ್ದನ್ನು ನಾನೇ ಒಯ್ದರೆ ಆಯಿತಲ್ಲ. ಎರಡು ಮಳೆಗಾಲ ಕೂತು ಹೊಲಿದ ಕೌದಿ ನನ್ನ ಹತ್ತಿರ ಇತ್ತು. ಅಮ್ಮನ ಎರಡು ಸೀರೆ ಅದರ ಒಳಗಿದ್ದವು. ಚಿಕ್ಕಮ್ಮ ನೋಡದ ಹೊತ್ತಿನಲ್ಲಿ ಅದನ್ನು ರೊಟ್ಟಿ ಬುಟ್ಟಿಯಲ್ಲಿಟ್ಟುಕೊಂಡು ಹೋದೆ.

ಅವಳು ಆ ಸಲ ಯಾರೋ ಹೇಳಿಕೊಟ್ಟ ಬುದ್ಧಿ ಕೇಳಿ ಬಂದಿದ್ದಳು. ಒಂದು ಮರದ ಬಾಚಣಿಗೆ ಮೇಜಿನ ಮೇಲಿಟ್ಟು, ಇಷ್ಟೇ, ಇನ್ನೇನೂ ಕೊಡುವುದಿಲ್ಲ ಎಂದು ಬಾಯಿಪಾಠದಂತೆ ಹೇಳಿ ತುಟಿ ಬಿಗಿದಳು. ನಾನು ಕೌದಿಯನ್ನು ಅವಳ ಕಡೆ ತಳ್ಳಿ ತಕ್ಷಣ ಅಂಗೈ ಊರಿದೆ. ಅವಳು ಏನೆಂದು ನೋಡುವ ಮೊದಲೇ ಊರಿದಳು. ನಂತರ ಕೌದಿಯ ಮೇಲೆ ಕೈ ಇಟ್ಟಳು, ಹೊಲಿಗೆ ನೋಡಿದಳು. ಬಿಕ್ಕಳಿಕೆ ಎಷ್ಟು ಜೋರಾಗಿ ಬಂತೆಂದರೆ ಮೇಜಿನ ಮೇಲಿದ್ದ ನೀರಿನ ಲೋಟ ಅಲುಗಾಡಿತು. ಅವಳ ಜೀವನದ ಮೊದಲ ಬಿಕ್ಕಳಿಕೆ ಅದು, ನಮ್ಮ ಊರಿನ ಮಟ್ಟಿಗೆ. ಮೇಷ್ಟ್ರು ಪುಸ್ತಕದಲ್ಲಿ ಗೆರೆ ಎಳೆದರು.

ನಾನು ಹೊರಗಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಾಗ ಅವಳು ಕೌದಿ ಹಿಡಿದುಕೊಂಡು ಬಂದಳು. ಅದನ್ನು ನನ್ನ ಬುಟ್ಟಿಯಲ್ಲಿ ಇಟ್ಟು, ಅಲ್ಲಿದ್ದ ತನ್ನ ಬಾಚಣಿಗೆ ತೆಗೆದುಕೊಂಡಳು. ಬಿಕ್ಕಳಿಕೆ ನಿಂತಿತು.

"ನನ್ನ ಮೇಲೆ ಕನಿಕರ ಬಂತಾ ನಿಮಗೆ?" ಎಂದಳು. ದನಿ ಮೆಲ್ಲಗಿತ್ತು.

ನಾನು ನಲ್ಲಿ ನಿಲ್ಲಿಸಿದೆ.

"ಹೋದ ಸಲ ನೀವು ಏನೂ ಕೇಳ್ಲಿಲ್ಲ. ಈ ಸಲಾನೂ ಏನೂ ಕೇಳ್ಲಿಲ್ಲ, ಬರೀ ಕೊಟ್ರಿ. ನಿಮಗೇನು ಬೇಕು ಅಂತಾನೇ ನನಗೆ ಗೊತ್ತಿಲ್ಲ. ಏನೂ ಬೇಡ ಅನ್ನೋರ ಜೊತೆ ನಾನು ಹೇಗೆ ಒಪ್ಪಂದ ಮಾಡ್ಲಿ, ದೇವೀರಿ?"

ನೀವೂ ಹಂಗೇ ಅಲ್ವಾ ಎನ್ನುವ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಉಳಿಯಿತು. ಅವಳು ಹೊರಟುಹೋದಳು. ಕೊನೆಯ ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು.

ಕೌದಿ ಒಯ್ದದ್ದು ಚಿಕ್ಕಮ್ಮನಿಗೆ ಗೊತ್ತಾಗಿಯೇ ಹೋಯಿತು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹಿಟ್ಟು ನಾದುತ್ತಾ ಎಲ್ಲವನ್ನೂ ಕೇಳಿಸಿಕೊಂಡು, ಆ ಹುಡುಗಿ ಹೇಳಿದ್ದರಲ್ಲಿ ತಪ್ಪೇನಿದೆ ಎಂದಳು. "ಉಗಾದಿಗೆ ಯಾವ ಬಣ್ಣದ ಬಟ್ಟೆ ಬೇಕೇ ಅಂದ್ರೆ ಗೋಡೆ ನೋಡ್ತೀಯ. ಸಾರಿಗೆ ಉಪ್ಪು ಸಾಕೇನೇ ಅಂದ್ರೂ ಗೋಡೆ ನೋಡ್ತೀಯ. ಗೋಡೆ ಏನ್ ಕೊಟ್ಟಾತು ನಿಂಗೆ?"

ನನಗೆ ಏನು ಬೇಕು ಎಂದು ನಾನು ಆ ಒಂಬತ್ತು ದಿನ ಯೋಚಿಸಿದೆ. ಅಷ್ಟು ಕಷ್ಟದ ಕೆಲಸ ನಾನು ಹಿಂದೆ ಮಾಡಿರಲಿಲ್ಲ. ಬೇಕು ಅನ್ನಿಸಿದ್ದೆಲ್ಲ ಒಂದು ಗಳಿಗೆ ಇದ್ದು, ಪರವಾಗಿಲ್ಲ ಬಿಡು ಎನ್ನುವಂತಾಗಿ ಜಾರಿಹೋಗುತ್ತಿತ್ತು. ಬಳೆ ಬೇಕೇ, ಬೇಡ. ರೇಡಿಯೋ ಬೇಕೇ, ಇದ್ದರೆ ಆಗಬಹುದು. ಆರನೇ ದಿನ ಖಾಲಿ ಕೋಣೆಯಲ್ಲಿ ಕೂತಿದ್ದಾಗ ಅದು ತಾನಾಗಿ ಸಿಕ್ಕಿತು.

ನನ್ನ ಕೋಣೆಗೂ ಪಕ್ಕದ ದೊಡ್ಡ ತರಗತಿಗೂ ನಡುವೆ ಇರುವುದು ತೆಳ್ಳಗಿನ ಹಲಗೆ ಗೋಡೆ. ಆ ಕಡೆ ವಾರಕ್ಕೊಂದು ಕಂಪನಿಯ ಕಥೆ ಓದುತ್ತಾರೆ. ಅದಕ್ಕೆ ಕೇಸು ಎನ್ನುತ್ತಾರೆ. ಒಂದು ಬಿಸ್ಕತ್ತಿನ ಕಾರ್ಖಾನೆ, ಅದರ ಯಜಮಾನ ತೀರಿಕೊಂಡ ಮೇಲೆ ಹೆಂಡತಿ ನಡೆಸಬೇಕೋ ಮಾರಬೇಕೋ ಎನ್ನುವುದು. ಬೆಟ್ಟದ ಊರುಗಳಿಗೆ ಬಸ್ಸು ಬಿಡುವ ಅಣ್ಣ ತಮ್ಮಂದಿರದು. ಹೆಣ್ಣುಮಕ್ಕಳೇ ಕೆಲಸ ಮಾಡುವ ಊದುಬತ್ತಿ ಕಾರ್ಖಾನೆಗೆ ಯಂತ್ರ ತರಬೇಕೋ ಬೇಡವೋ ಎನ್ನುವುದು. ಎಲ್ಲರೂ ಜೋರಾಗಿ ವಾದ ಮಾಡುತ್ತಾರೆ. ಆ ಬಿಸ್ಕತ್ತಿನ ಹೆಂಗಸಿನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ ಎಂದು ಮೇಷ್ಟ್ರು ಕೇಳುತ್ತಾರೆ. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ, ಎದ್ದು ಹೋಗುತ್ತಾರೆ. ಮುಂದಿನ ವಾರ ಬೇರೆ ಕಂಪನಿ. ಆ ಹೆಂಗಸು ಏನು ಮಾಡಿದಳು ಎಂದು ಯಾರೂ ಕೇಳುವುದಿಲ್ಲ. ರೊಟ್ಟಿ ಕೊಟ್ಟು ಖಾಲಿ ಬುಟ್ಟಿ ಸಿಗುವ ತನಕ ನಾನು ಒಂದು ವರ್ಷದಿಂದ ಗೋಡೆಯ ಈ ಕಡೆ ಕೂತು ಅದನ್ನೇ ಕಾಯುತ್ತಿದ್ದೆ. ಅದು ಬೇಕು ಎನ್ನುವ ಆಸೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮೂರನೇ ಸಲ ನಾನು ಬರಿಗೈಯಲ್ಲಿ ಹೋದೆ. ಅಭಿಜ್ಞಾಳೂ ಬರಿಗೈಯಲ್ಲಿ ಬಂದಿದ್ದಳು. ಸೂಟ್‌ಕೇಸನ್ನು ಅರ್ಧ ತುಂಬಿಟ್ಟು ಬಂದಿದ್ದೇನೆ ಎಂದು ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರು ನಮ್ಮ ನಾಲ್ಕು ಖಾಲಿ ಕೈಗಳನ್ನು ನೋಡಿ, ವಸ್ತುವೇ ಆಗಬೇಕೆಂದಿಲ್ಲ, ಕೆಲಸವಾದರೂ ಆದೀತು, ಆದರೆ ಏನಾದರೂ ಇರಬೇಕು ಎಂದು ಗಡಿಯಾರ ನೋಡಿಕೊಂಡರು.

ಅವಳು ಎಂದಿನಂತೆ, ನಾನು ನಿಮಗೆ ಏನು ಕೊಡಬಹುದು ಅಂದರೆ ಎಂದು ಶುರು ಮಾಡಿದಳು. ನಾನು ಕೈ ಅಡ್ಡ ಹಿಡಿದೆ.

"ತಡೀರಿ. ನಾನು ಮೊದ್ಲು ಹೇಳ್ತೀನಿ."

ಮೇಜಿನ ಮರದ ಗೆರೆಗಳನ್ನೇ ನೋಡುತ್ತಾ ಹೇಳಿದೆ. ಎಷ್ಟು ಮೆಲ್ಲಗೆ ಹೇಳಿದೆನೆಂದರೆ ಮೇಷ್ಟ್ರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಹಲಗೆ ಗೋಡೆಯ ವಿಷಯ ಹೇಳಿದೆ. ಬಿಸ್ಕತ್ತಿನ ಯಜಮಾನಿ, ಬಸ್ಸಿನ ಅಣ್ಣ ತಮ್ಮ, ಊದುಬತ್ತಿಯ ಹೆಂಗಸರು, ಒಬ್ಬೊಬ್ಬರನ್ನೂ ನೆನೆಸಿಕೊಂಡು ಹೇಳಿದೆ. "ಗಂಟೆ ಹೊಡೆದ ಕೂಡ್ಲೆ ನೀವೆಲ್ಲ ಎದ್ದು ಹೋಗ್ತೀರ. ಅವರ್‍ನೆಲ್ಲ ಅಲ್ಲೇ ಬಿಟ್ಟು ಹೋಗ್ತೀರ. ನಂಗೆ ಅದ್ರ ಕೊನೆ ಬೇಕು."

ಅಭಿಜ್ಞಾ ಕಣ್ಣು ಮಿಟುಕಿಸಿದಳು. "ಕೇಸಿಗೆ ಕೊನೆ ಇರಲ್ಲ ದೇವೀರಿ. ಪುಸ್ತಕದಲ್ಲಿ ಅಷ್ಟೇ ಇರೋದು."

"ಪುಸ್ತಕದಲ್ಲಿ ಇರಲ್ಲ. ಕಂಪ್ನಿಗೆ ಇರುತ್ತಲ್ಲ."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. ಅಭಿಜ್ಞಾ ಹಲಗೆ ಗೋಡೆಯ ಕಡೆ ತಿರುಗಿ ನೋಡಿದಳು. ನಂತರ ಅವಳ ಮುಖ ಅರಳಿತು. ಹೌದು, ಹುಡುಕಬಹುದು ಎಂದಳು. ಹಳೆಯ ಪತ್ರಿಕೆಗಳಲ್ಲಿ ಇರುತ್ತದೆ, ಕಂಪನಿಗೇ ಬರೆದು ಕೇಳಬಹುದು, ಒಟ್ಟು ಮೂವತ್ತೆರಡು ಕೇಸುಗಳಿವೆ, ಎಲ್ಲವನ್ನೂ ಹುಡುಕಿ ನೀಟಾಗಿ ಬರೆದು, ದಿನಕ್ಕೊಂದರಂತೆ ತಂದುಕೊಡುತ್ತೇನೆ, ಬೇಕಾದರೆ ಚಿತ್ರವನ್ನೂ ಅಂಟಿಸಿ ಎನ್ನುತ್ತಾ ಹೋದಳು. ನನ್ನ ಗಂಟಲಿನ ಒಳಗೆ ಸಣ್ಣಗೆ ಎಳೆಯತೊಡಗಿತು. ಹಿಂದೆ ಎಷ್ಟೋ ಸಲ ಹೀಗೆ ಎಳೆದಾಗಲೂ ನಾನು ಬಾಯಿ ಬಿಡದೆ ಕೂತಿದ್ದೆ.

"ಅಷ್ಟ್ ಬ್ಯಾಡ," ಎಂದೆ. "ವಾರಕ್ಕೊಂದು ಸಾಕು. ಬರೆಯೋದೂ ಬ್ಯಾಡ. ಬಾಯಲ್ಲಿ ಹೇಳಿ."

ಎಳೆತ ನಿಂತಿತು. ಅವಳು, ಅಷ್ಟೇ ಸಾಕಾ ಎಂದಳು. ಅಷ್ಟೇ ಸಾಕು ಎಂದೆ. ಈಗ ನಿಮ್ಮದು ಹೇಳಿ ಎಂದೆ.

ನನ್ನದೇನಿಲ್ಲ, ಪಾಸಾದರೆ ಸಾಕು ಎಂದಳು. ಪಾಸು ಮಾಡುವವರು ಮೇಷ್ಟ್ರು, ನನ್ನ ಹತ್ತಿರ ನಿಮಗೆ ಏನು ಬೇಕು ಎಂದು ಕೇಳಿದೆ. ಅವಳು ಬಾಯಿ ತೆರೆದಳು, ಮುಚ್ಚಿದಳು. ಕಿಟಕಿ ನೋಡಿದಳು. ನನ್ನನ್ನು ಹೀಗೆ ಕೇಳಿದಾಗ ಆಗುವುದೆಲ್ಲ ಅವಳಿಗೂ ಆಗುತ್ತಿರುವುದು ಎದುರಿಗೇ ಕಾಣುತ್ತಿತ್ತು. ಒಂದು ನಿಮಿಷ ಕಳೆಯಿತು, ಎರಡಾಯಿತು. ಅರ್ಧ ಗಂಟೆಯಲ್ಲಿ ಇನ್ನು ಎಂಟು ನಿಮಿಷ ಇದೆ ಎಂದು ಮೇಷ್ಟ್ರು ಎಚ್ಚರಿಸಿದರು. ಅವಳಿಗೆ ಏನಾದರೂ ನಾನೇ ಸೂಚಿಸಿಬಿಡಲೇ ಅನ್ನಿಸಿತು. ರೊಟ್ಟಿ, ಉಪ್ಪಿನಕಾಯಿ, ಏನಾದರೂ. ಕೌದಿಯ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತದೆ ಎಂದು ತಡೆದುಕೊಂಡೆ.

"ನೀವು ಸುಮ್ಮನೆ ಕೂತಿರ್ತೀರಲ್ಲ," ಎಂದಳು ಕೊನೆಗೆ. "ಅದನ್ನ ನನಗೆ ಹೇಳಿಕೊಡಿ. ಗ್ರೂಪಿನಲ್ಲಿ 'ಇದನ್ನ ಯಾರು ಮಾಡ್ತೀರ' ಅಂದಾಗ ಎಲ್ಲರೂ ಸುಮ್ಮನಿರ್ತಾರೆ. ನನಗೆ ಮಾತ್ರ ಆಗಲ್ಲ. ಎದೆ ಹೊಡ್ಕೊಳ್ಳುತ್ತೆ, ಬಾಯಿ ತಾನೇ 'ನಾನು' ಅಂದ್ಬಿಡುತ್ತೆ. ಮನೆಯಲ್ಲೂ ಹಾಗೇ, ಆಸ್ಪತ್ರೆಯಲ್ಲೂ ಹಾಗೇ. ನನಗೆ ಅದೊಂದು ಬರಬೇಕು."

ನನಗೆ ನಗು ಬಂತು. ಶಾಲೆಯಲ್ಲಿ ಅದಕ್ಕೇ ನನ್ನನ್ನು ನಿಲ್ಲಿಸಿದ್ದರು. ಮನೆಯಲ್ಲಿ ಇವತ್ತಿಗೂ ಅದಕ್ಕೇ ಬೈಯುತ್ತಾರೆ. ಅದೇನು ದೊಡ್ಡದು, ವಾರಕ್ಕೆ ಅರ್ಧ ಗಂಟೆ ನನ್ನ ಜೊತೆ ಕೆರೆ ಏರಿಯ ಮೇಲೆ ಬಂದು ಕೂತರಾಯಿತು ಎಂದೆ. ಅವಳು ಒಪ್ಪಿ ತಲೆಯಾಡಿಸಿ ಅಂಗೈಯನ್ನು ಮೇಜಿನ ಹತ್ತಿರ ತಂದಳು. ಆಗ ಅವಳ ಗಂಟಲಿನಲ್ಲಿ ಒಂದು ಸಣ್ಣ ಬಿಕ್ಕಳಿಕೆ.

ಮೇಷ್ಟ್ರು ತಲೆ ಎತ್ತಿದರು. ಅಂಗೈ ಇನ್ನೂ ಊರಿರಲಿಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನನ್ನನ್ನೇ ನೋಡಿದಳು. "ನನಗೆ ಜಾಸ್ತಿ ಆಯ್ತು," ಎಂದಳು. "ನಿಮ್ಮ ಅರ್ಧ ಗಂಟೆ ಜಾಸ್ತಿ ಆಯ್ತು, ದೇವೀರಿ."

ಆ ಮಾತು ನನ್ನೊಳಗೆ ಹೋಗಿ ಕೂರಲು ಸ್ವಲ್ಪ ಹೊತ್ತು ಬೇಕಾಯಿತು. ಬರೀ ನನ್ನ ಸುಮ್ಮನಿರುವಿಕೆ, ಒಂದು ಕಂಪನಿಯ ಕೊನೆಗಿಂತ ಹೆಚ್ಚು ತೂಗುತ್ತದೆ ಎಂದು ಅವಳ ಗಂಟಲು ಹೇಳುತ್ತಿತ್ತು. ಗಂಟಲು ಯಾರನ್ನೂ ಮೆಚ್ಚಿಸಲು ಸದ್ದು ಮಾಡುವುದಿಲ್ಲ. ನಾನು ಅರ್ಧ ಗಂಟೆಯನ್ನು ಕಾಲು ಗಂಟೆ ಮಾಡಬಹುದಿತ್ತು. ಆದರೆ ನನಗೆ ಅರ್ಧ ಗಂಟೆ ಬೇಕಿತ್ತು. ಬೇಕು ಎನ್ನುವುದು ಒಂದು ಸಲ ಹೊರಗೆ ಬಂದ ಮೇಲೆ ಎರಡನೆಯದು ಅಷ್ಟು ಕಷ್ಟವಾಗಲಿಲ್ಲ.

"ಹಂಗಾದ್ರೆ ಶುರುವಿಂದಾನೂ ಹೇಳಿ," ಎಂದೆ. "ಈ ಕಡೆ ಕೂತ್ರೆ ಶುರು ಸರಿಯಾಗಿ ಕೇಳ್ಸಲ್ಲ. ನೀವೆಲ್ಲ ಕುರ್ಚಿ ಎಳೀತಿರ್ತೀರ."

ಅವಳು ಉಗುಳು ನುಂಗಿದಳು. ಕಾದಳು. ಗಂಟಲು ಮುಟ್ಟಿ ನೋಡಿಕೊಂಡಳು. ಏನೂ ಬರಲಿಲ್ಲ. ನನಗೂ ಎಳೆಯಲಿಲ್ಲ. ಇಬ್ಬರೂ ಒಟ್ಟಿಗೆ ಅಂಗೈ ಊರಿದೆವು.

ಆ ಕಾಲು ಗಂಟೆ ನನ್ನ ಬದುಕಿನ ಒಳ್ಳೆಯ ಕಾಲು ಗಂಟೆಗಳಲ್ಲಿ ಒಂದು. ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಪಕ್ಕದ ತರಗತಿ ಖಾಲಿಯಾಗಿತ್ತು. ಹೊರಗೆ ಕಾಯುತ್ತಿದ್ದ ಹುಡುಗರಲ್ಲಿ ಯಾರೋ ಬಿಕ್ಕಳಿಸಿದರೆ ನಾವಿಬ್ಬರೂ ಬೆಚ್ಚಿ ಒಬ್ಬರನ್ನೊಬ್ಬರು ನೋಡುತ್ತಿದ್ದೆವು, ನಮ್ಮದಲ್ಲ ಎಂದು ತಿಳಿದು ಉಸಿರು ಬಿಡುತ್ತಿದ್ದೆವು. ಮೊದಲು ಅವಳ ಬೆರಳುಗಳು ಮೇಜಿನ ಅಂಚನ್ನು ಕೆರೆಯುತ್ತಿದ್ದವು. ಮಾತಾಡಲು ನಾಲ್ಕೈದು ಸಲ ಬಾಯಿ ತೆರೆದಳು. ನಾನು ತಲೆ ಅಲ್ಲಾಡಿಸಿದೆ. ಹತ್ತು ನಿಮಿಷ ಕಳೆದ ಮೇಲೆ ಅವಳ ಭುಜಗಳು ಕೆಳಗಿಳಿದವು. ಕಣ್ಣಿನ ಕೆಳಗಿನ ಕಪ್ಪು ಹಾಗೇ ಇತ್ತು, ಆದರೆ ಯಾರಿಗೋ ನೀರು ತರಲು ಏಳುವವಳ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿರಲಿಲ್ಲ. ಬೆನ್ನು ಒರಗಿಸಿ ಕೂತಿದ್ದಳು.

ಮೇಷ್ಟ್ರು ಎದ್ದು ನಿಂತು ಗಡಿಯಾರವನ್ನು ಎರಡು ಸಲ ನೋಡಿದರು. ಪುಸ್ತಕದಲ್ಲಿ ಬರೆದರು. ಹೋಗಿ ಸೂಟ್‌ಕೇಸ್ ಖಾಲಿ ಮಾಡಮ್ಮ ಎಂದು ಅವಳಿಗೆ ಹೇಳಿದರು.

ಅವಳ ಕಣ್ಣು ತುಂಬಿಕೊಂಡಿತು. ಎದ್ದು ಬಂದು ನನ್ನ ಕೈ ಹಿಡಿದುಕೊಂಡು ಏನೇನೋ ಹೇಳಲು ಹೊರಟಳು. ಥ್ಯಾಂಕ್ಸ್ ಎಂದು ಶುರುವಾದರೆ ಎಲ್ಲಿಗೆ ಹೋಗಿ ನಿಲ್ಲುತ್ತದೋ, ಫ್ಲಾಸ್ಕು, ಚೀಲ, ಶಾಲು ಎಲ್ಲ ಮತ್ತೆ ಬರುತ್ತವೋ ಎಂದು ನನಗೆ ಭಯವಾಯಿತು. ಅವಳಿಗೂ ಹೊಳೆದಿರಬೇಕು. ಬಾಯಿ ಮುಚ್ಚಿಕೊಂಡಳು. ನಕ್ಕಳು. ಗುರುವಾರ, ಕೆರೆ ಏರಿ ಮೇಲೆ ಎಂದಷ್ಟೇ ಹೇಳಿ ಹೊರಗೆ ಹೋದಳು. ಮೊದಲನೇ ಪಾಠ ಅಲ್ಲೇ ಮುಗಿದಿತ್ತು.

ಆ ದಿನ ಇನ್ನೂ ನಾಲ್ಕು ಜನ ಬಾಕಿ ಇದ್ದರು. ಮುಂದಿನವನು ಎತ್ತರದ ಹುಡುಗ, ನಾನು ಹೆಸರು ಕೇಳಿರಲಿಲ್ಲ. ಅವನ ಕೈಯಲ್ಲಿ ಒಂದು ಕೈಗಡಿಯಾರ ಇತ್ತು. ಮೂರನೇ ಕೋಣೆಯಲ್ಲಿ ಗೆಲ್ಲಬೇಕಾದರೆ ಅವಳಿಗಿಂತ ಹೆಚ್ಚು ಹೊತ್ತು ಮಾತಾಡದೆ ಇರಬೇಕು ಎಂದು ಹಾಸ್ಟೆಲ್ಲಿನಲ್ಲಿ ಹೇಳಿಕೊಟ್ಟಿದ್ದರು ಎಂದು ಕಾಣುತ್ತದೆ. ಬಂದವನೇ ನಮಸ್ಕಾರವನ್ನೂ ಹೇಳದೆ ಎದುರು ಕೂತ. ಕೈ ಕಟ್ಟಿದ. ತುಟಿ ಬಿಗಿದು ಗೋಡೆಯನ್ನು ನೋಡತೊಡಗಿದ. ಇಡೀ ಅರ್ಧ ಗಂಟೆ ಹಾಗೇ ಕೂರಲು ಸಿದ್ಧನಾಗಿ ಬಂದಿದ್ದ, ಪಾಪ.

ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ.

"ನಿಮ್ ಹತ್ರ ನಂಗೆ ಏನ್ ಬೇಕು ಅಂತ ಹೇಳ್ಬಿಡ್ಲಾ?" ಎಂದೆ.